ಇನ್ನೂರು ಕುದುರೆ, ಮುನ್ನೂರು ಕುದುರೆ

ಜ್ವರ ಇರಲಿಲ್ಲ. ಲೈಸೆನ್ಸ್ ಪರೀಕ್ಷಕ ಥರ್ಮಾಮೀಟರನ್ನು ಬಾತ್‌ರೂಮಿನ ಬಲ್ಬಿಗೆ ಹಿಡಿದು, ಒರೆಸಿ, ಇನ್ನೊಮ್ಮೆ ತಿರುಗಿಸಿ ನೋಡಿದ. ಪಾದರಸ ಇರಬೇಕಾದ ಕಡೆಯೇ ಇತ್ತು, ಒಂದು ಗೆರೆ ಆಚೆಯೂ ಇಲ್ಲ, ಈಚೆಯೂ ಇಲ್ಲ. ಎರಡು ದಿನದಿಂದ ತಣ್ಣೀರು ಸ್ನಾನ ಮಾಡಿದ್ದು, ಒದ್ದೆ ತಲೆಯಲ್ಲೇ ಫ್ಯಾನಿನ ಕೆಳಗೆ ಕೂತಿದ್ದು ಎಲ್ಲ ದಂಡವಾಯಿತು. ಬೇಕಾದಾಗ ಕೆಡದ ಈ ದೇಹವನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಅವನಿಗೆ ಸಿಟ್ಟು ಬಂತು. ಹೊರಗೆ ಭಾವಮೈದುನ ವ್ಯಾನಿನ ಹಾರ್ನು ಹೊಡೆದ. ಭಾನುವಾರ, ಬೆಳಗಿನ ಹತ್ತು ಗಂಟೆ. ಇವತ್ತು ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಬೇಕು, ಸಂಜೆಯೊಳಗೆ ಒಂದನ್ನು ಆರಿಸಬೇಕು, ನಾಳೆ ಬೆಳಿಗ್ಗೆ ಐದೂವರೆಗೆ ಅದನ್ನು ಅವನು ಓಡಿಸಬೇಕು. ಮೊದಲ ಎರಡು ಕೆಲಸ ಯಾರು ಬೇಕಾದರೂ ಮಾಡಿಯಾರು. ಮೂರನೆಯದಕ್ಕೇ ಅವನಿಗೆ ಜ್ವರ ಬೇಕಾಗಿತ್ತು.

ಊರಿನ ಅರ್ಧ ಜನಕ್ಕೆ ಗಾಡಿ ಓಡಿಸುವ ಲೈಸೆನ್ಸು ಸಿಕ್ಕಿದ್ದು ಅವನ ಸಹಿಯಿಂದ. ಇನ್ನರ್ಧ ಜನಕ್ಕೆ ಸಿಗದೇ ಇದ್ದದ್ದೂ ಅವನ ಸಹಿಯಿಂದಲೇ. ಇಪ್ಪತ್ತಮೂರು ವರ್ಷಗಳಿಂದ ಅವನು ಕಚೇರಿಯ ಟೆಸ್ಟ್ ಕಾರಿನಲ್ಲಿ, ಸ್ಟೀರಿಂಗಿನ ಪಕ್ಕದ ಸೀಟಿನಲ್ಲಿ, ತೊಡೆಯ ಮೇಲೆ ತಪ್ಪಿಗೊಂದರಂತೆ ಮೂವತ್ತೊಂದು ಕಾಲಂಗಳ ಫಾರಂ ಇಟ್ಟುಕೊಂಡು ಕೂತಿದ್ದಾನೆ. ಅವನ ಕಾಲ ಬುಡದಲ್ಲಿ ಅವನಿಗಂತಲೇ ಒಂದು ಹೆಚ್ಚುವರಿ ಬ್ರೇಕು. ಫೇಲಾದವರಿಗೆ ಅವನು ಗದರುತ್ತಿರಲಿಲ್ಲ. "ಇನ್ನೊಂದ್ಸಲ ಬನ್ನಿ" ಎಂದು ಮೆಲ್ಲಗೆ ಹೇಳುತ್ತಿದ್ದ. ಅದಕ್ಕೇ ಡ್ರೈವಿಂಗ್ ಸ್ಕೂಲಿನವರು ಅವನಿಗೆ ಇನ್ನೊಂದ್ಸಲ ಸಾಹೇಬರು ಎಂದು ಹೆಸರಿಟ್ಟಿದ್ದರು. ಹೆಸರು ಅವನ ಕಿವಿಗೂ ಬಿದ್ದಿತ್ತು, ಬೇಜಾರಾಗಿರಲಿಲ್ಲ. ಅವನಿಗಿದ್ದ ಬೇಜಾರೇ ಬೇರೆ, ಮತ್ತು ಅದು ಭೂಮಿಯ ಮೇಲೆ ತನ್ನೊಬ್ಬನಿಗೆ ಮಾತ್ರ ಗೊತ್ತು ಎಂದು ಅವನು ತಿಳಿದಿದ್ದ. ಅವನಿಗೆ ಗಾಡಿ ಓಡಿಸಲು ಭಯ. ಕೆಲಸಕ್ಕೆ ಸೇರುವ ಮೊದಲು ಎಲ್ಲರ ಹಾಗೆ, ಅಂದರೆ ಹೇಗೋ ಒಂದು ಹಾಗೆ, ಓಡಿಸುತ್ತಿದ್ದ. ಸೇರಿದ ಮೊದಲ ವರ್ಷದಲ್ಲೇ ಒಂದು ಗಾಡಿಯೊಳಗೆ ಎಷ್ಟು ಬಗೆಯ ತಪ್ಪು ಮಾಡಬಹುದು ಎಂಬುದನ್ನು ಕಂಡುಬಿಟ್ಟ. ಆಮೇಲೆ ಸ್ಟೀರಿಂಗ್ ಹಿಡಿದಾಗಲೆಲ್ಲ ಫಾರಂ ಕಣ್ಣೆದುರು ಬಂದು ನಿಲ್ಲುತ್ತಿತ್ತು. ಕನ್ನಡಿ ನೋಡಿದೆಯಾ? ನೋಡಿದೆ. ತಡವಾಗಿ ನೋಡಿದೆ, ಮೂರನೇ ಕಾಲಂ. ಗೇರು ಸದ್ದು ಮಾಡಿತು, ಒಂಬತ್ತನೇ ಕಾಲಂ. ಮನೆಯ ಗಲ್ಲಿ ಮುಗಿಯುವಷ್ಟರಲ್ಲಿ ತನ್ನನ್ನು ತಾನೇ ಫೇಲು ಮಾಡಿ, ಇನ್ನೊಂದ್ಸಲ ಬಾ ಎಂದು ಹೇಳಿಕೊಂಡು, ಗಾಡಿಯನ್ನು ವಾಪಸು ತಂದು ನಿಲ್ಲಿಸುತ್ತಿದ್ದ. ಆ ಇನ್ನೊಂದು ಸಲ ಬರಲೇ ಇಲ್ಲ.

ಬರಬೇಕಾದ ಅಗತ್ಯವೂ ಬಿದ್ದಿರಲಿಲ್ಲ. ಹೆಂಡತಿ ಓಡಿಸುತ್ತಿದ್ದಳು. ಅವಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಆರು ಗಂಟೆಗೇ ಬಾಗಿಲಲ್ಲಿ ಮುಖ ಸಿಂಡರಿಸಿಕೊಂಡು ನಿಂತಿರುತ್ತಾರಾದ್ದರಿಂದ ಮೊದಲ ಬಸ್ಸಿಗಿಂತ ಮೊದಲೇ ಅವಳು ಹೊರಡಬೇಕು. ಹತ್ತೊಂಬತ್ತು ವರ್ಷ ಹಾಗೆ ಹೊರಟಿದ್ದಳು. "ದಿನವಿಡೀ ಅವ್ರಿಗೆ ಗಾಡಿಯಲ್ಲೇ ಕೆಲಸ, ಮನೆಯವರ ಜೊತೆ ಹೋಗುವಾಗಾದ್ರೂ ಆರಾಮಾಗಿ ಕೂತ್ಕೊಳ್ಲಿ" ಎಂದು ನೆಂಟರ ಮುಂದೆ ಅವಳು ಹೇಳುವಾಗ ಅವನು ಬಹಳ ದಣಿದವನ ಹಾಗೆ ತಲೆಯಾಡಿಸುತ್ತಿದ್ದ. ಹೋದ ತಿಂಗಳು ಅವಳ ಭುಜ ಹಿಡಿದುಕೊಂಡಿತು. ಆರು ತಿಂಗಳು ಸ್ಟೀರಿಂಗ್ ಮುಟ್ಟಕೂಡದು ಎಂದರು ಡಾಕ್ಟರು. ಅದೇ ವಾರ, ಅವಳ ಕೈಗೆ ಪಳಗಿದ್ದ ಹಳೆಯ ಕಾರು ಇನ್ನು ಯಾರ ಕೈಗೂ ಸಿಗುವುದಿಲ್ಲ ಎಂಬಂತೆ ಎಂಜಿನ್ ಸೀಜಾಗಿ ಕೂತಿತು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಅವಳ ತಮ್ಮ ಇಷ್ಟು ದಿನ ತನ್ನ ವ್ಯಾನಿನಲ್ಲಿ ಬಿಟ್ಟುಬರುತ್ತಿದ್ದ. ನಾಳೆಯಿಂದ ಅವನಿಗೆ ಬೇರೆ ಊರಿನಲ್ಲಿ ಕೆಲಸ. "ಇನ್ನೇನು ಯೋಚನೆ, ಭಾವ ಇದಾರಲ್ಲ" ಎಂದು ಎಲ್ಲರೂ ಅಂದರು.

ಭಾವಮೈದುನನ ಪಾಲಿಗೆ ಭಾವನೆಂದರೆ ಡ್ರೈವಿಂಗಿನ ಸುಪ್ರೀಂ ಕೋರ್ಟು. ಅಕ್ಕನ ಮದುವೆಯಾದ ದಿನದಿಂದಲೂ ಈ ಭಕ್ತಿ. ಕಾರು ಹುಡುಕುವ ಕೆಲಸವನ್ನು ತಾನೇ ಮೈಮೇಲೆ ಹಾಕಿಕೊಂಡ. "ನಿಮ್ಮಂಥವರ ಕೈಗೆ ಸಾಮಾನ್ಯ ಕಾರು ಕೊಡೋದು ಅಂದ್ರೆ, ಸಂಗೀತಗಾರರ ಕೈಗೆ ತಗಡಿನ ಪೀಪಿ ಕೊಟ್ಟ ಹಾಗೆ ಭಾವ. ಇಷ್ಟು ವರ್ಷ ಅಕ್ಕನಿಗೋಸ್ಕರ ಸಹಿಸ್ಕೊಂಡ್ರಿ. ಈಗ ನಿಮ್ಮ ಲೆವೆಲ್ಲಿಗೆ ತಕ್ಕ ಹಾಗೆ ಒಂದು ತಗೊಳ್ಳೋಣ" ಎಂದಿದ್ದ. ಆಗಲೇ, ಆ ಗಳಿಗೆಯಲ್ಲೇ, ಬೇಡಪ್ಪ, ಮುದುಕರು ಓಡಿಸುವಂಥ ನಿಧಾನದ್ದೊಂದು ಸಾಕು ಎಂದು ಹೇಳಿಬಿಡಬಹುದಿತ್ತು. ಹೇಳಬೇಕೆಂದೇ ಬಾಯಿ ತೆರೆದ. ಬಾಯಿಂದ ಬಂದದ್ದು, "ಪಿಕಪ್ ಚೆನ್ನಾಗಿರಬೇಕು."

ಈಗ ವ್ಯಾನಿನಲ್ಲಿ ಸ್ಪ್ಯಾನರು, ಹಗ್ಗ, ಲಿಫ್ಟಿನ ಗುಂಡಿಗಳ ನಡುವೆ ಮೂವರೂ ಇಕ್ಕಟ್ಟಾಗಿ ಕೂತು ಹೋಗುತ್ತಿದ್ದಾಗ ಭಾವಮೈದುನ ತನ್ನ ತಿಂಗಳ ತಪಸ್ಸಿನ ಫಲವನ್ನು ಬಿಡಿಸಿ ಹೇಳಿದ. ಕೊನೆಗೆ ಉಳಿದದ್ದು ಎರಡು. ಒಂದು ಚಿಕ್ಕದು: ಎರಡೇ ಬಾಗಿಲು, ಟರ್ಬೊ ಎಂಜಿನ್, ಇನ್ನೂರು ಕುದುರೆಯ ಶಕ್ತಿ, ಕೈಗೇರು. ಇನ್ನೊಂದು ದೊಡ್ಡದು: ನಾಲ್ಕು ಬಾಗಿಲು, ಆರು ಸಿಲಿಂಡರು, ಮುನ್ನೂರು ಕುದುರೆ, ಆಟೋಮ್ಯಾಟಿಕ್. "ಬೆಲೆ ಎರಡಕ್ಕೂ ಒಂದೇ. ದೊಡ್ಡದಕ್ಕೆ ವಯಸ್ಸಾಗಿದೆ, ಅದಕ್ಕೆ. ನೇರ ರಸ್ತೆಗೆ ಬಿದ್ರೆ ದೊಡ್ಡದನ್ನ ಹಿಡಿಯೋರಿಲ್ಲ. ಚಿಕ್ಕದು ತೂಕ ಕಮ್ಮಿ ನೋಡಿ, ತಿರುವಿನಲ್ಲಿ ಅದೇ ರಾಜ. ಅಕ್ಕ, ನೀನೇನಂತೀಯ?" ಹೆಂಡತಿ ಜೋಲಿಯಲ್ಲಿ ಕಟ್ಟಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹೊರಗೆ ನೋಡುತ್ತಿದ್ದಳು. "ನಾನು ಕೂತ್ಕೊಳ್ಳೋಳು. ಓಡಿಸೋರನ್ನ ಕೇಳು" ಅಂದಳು. ಓಡಿಸುವವನು ಕುದುರೆಗಳ ಲೆಕ್ಕದಲ್ಲಿದ್ದ. ಅವನಿಗೆ ಒಂದೇ ಒಂದು ಕುದುರೆ ಸಾಕಿತ್ತು, ಅದೂ ಸ್ವಲ್ಪ ಕುಂಟುವಂಥದ್ದು. ಅವನೊಂದು ಉಪಾಯ ಮಾಡಿಕೊಂಡಿದ್ದ: ದೊಡ್ಡದರ ಎದುರು ನಿಂತಾಗ ಚಿಕ್ಕದನ್ನು ಹೊಗಳುವುದು, ಚಿಕ್ಕದರ ಎದುರು ನಿಂತಾಗ ದೊಡ್ಡದನ್ನು. ಹೀಗೆ ಸಂಜೆ ಮಾಡಿಬಿಟ್ಟರೆ ಎಲ್ಲರೂ ಬೇಸತ್ತು, ನಾಳೆಗೆ ಟ್ಯಾಕ್ಸಿ ಹೇಳೋಣ ಎಂದಾರು.

ದೊಡ್ಡ ಕಾರು ಒಬ್ಬ ಹಲ್ಲಿನ ಡಾಕ್ಟರದ್ದು. ಶೆಡ್ಡಿನೊಳಗೆ ಅದರ ಮೂತಿ ಹಿಡಿಸದೆ ಅಂಗೈಯಷ್ಟು ಹೊರಗೆ ಚಾಚಿತ್ತು. ಡಾಕ್ಟರು ಪುಟ್ಟ ಆಸಾಮಿ, ತೊಳೆದೂ ತೊಳೆದೂ ಬೆಳ್ಳಗಾದ ಕೈಗಳು. ಭಾವಮೈದುನ ಬಾನೆಟ್ ಎತ್ತಿಸಿ, ಟೈರಿನ ಅಂಚುಗಳನ್ನು ಬೆರಳಿಂದ ಸವರಿ, ಸರ್ವಿಸ್ ಪುಸ್ತಕದ ಪುಟ ಪುಟವನ್ನೂ ಮದುವೆಗೆ ಜಾತಕ ನೋಡುವವರ ಹಾಗೆ ನೋಡಿ, ಕೊನೆಗೆ "ಇನ್ನು ಭಾವ ಒಂದು ರೌಂಡು ನೋಡ್ಲಿ" ಎಂದು ಪಕ್ಕಕ್ಕೆ ಸರಿದ. ಡಾಕ್ಟರು ಕೀ ಚಾಚಿದರು. ಪರೀಕ್ಷಕನ ತಲೆಯೊಳಗೆ ಅಷ್ಟು ಹೊತ್ತಿಗೆ ಏನೂ ಇರಲಿಲ್ಲ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದೊಂದನ್ನು ಬಿಟ್ಟು. ಕಾಲುಗಳು ತಮ್ಮ ಪಾಡಿಗೆ ತಾವು ನಡೆದವು. ಇಪ್ಪತ್ತಮೂರು ವರ್ಷ ದಿನಕ್ಕೆ ಹದಿನಾಲ್ಕು ಸಲ ನಡೆದ ಹಾಗೆಯೇ ನಡೆದು, ಸ್ಟೀರಿಂಗ್ ಇಲ್ಲದ ಕಡೆಯ ಬಾಗಿಲು ತೆಗೆದು, ಕೂತು, ಬೆಲ್ಟು ಹಾಕಿಕೊಂಡು, ನೇರ ಮುಂದೆ ನೋಡುತ್ತ ಅವನು ಹೇಳಿದ: "ಹೂಂ, ಹೊರಡಿ."

ಹೇಳಿದ ಮೇಲೆ ಗೊತ್ತಾಯಿತು. ಕಿವಿಯ ತುದಿ ಬಿಸಿಯಾಯಿತು. ಡಾಕ್ಟರು ಕೀ ಹಿಡಿದ ಕೈಯನ್ನು ಚಾಚಿದಂತೆಯೇ ಒಂದು ಕ್ಷಣ ನಿಂತಿದ್ದು, ಆಮೇಲೆ, ಹೇಳಿದ ಮಾತು ಕೇಳಿ ಅಭ್ಯಾಸವಿದ್ದ ಸಾಧು ಮನುಷ್ಯನಾದ್ದರಿಂದ, ಸುತ್ತಿಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತರು. ಹಿಂದೆ ಭಾವಮೈದುನ ಅಕ್ಕನಿಗೆ ಪಿಸುಗುಟ್ಟುವುದು ಕೇಳಿಸಿತು. "ನೋಡ್ದಾ, ಪಕ್ಕದಲ್ಲಿ ಕೂತೇ ಗಾಡಿ ಅಳೆದುಬಿಡ್ತಾರೆ." ಅಕ್ಕ ಒಂದೇ ಕೈಯಲ್ಲಿ ಬೆಲ್ಟು ಎಳೆದು ಹಾಕಿಕೊಂಡಳು. ಕಾರು ಸದ್ದೇ ಇಲ್ಲದೆ ಹೊರಟಿತು, ಮನೆಯೊಂದು ಜಾಗ ಬಿಟ್ಟು ಕದಲಿದ ಹಾಗೆ. ಮುಂದಿನ ಸಿಗ್ನಲ್ಲಿನಲ್ಲಿ ಬಲಕ್ಕೆ, ಎಂದ ಪರೀಕ್ಷಕ. ಆ ಮರದ ಹತ್ತಿರ ನಿಲ್ಲಿಸಿ. ಹಿಂದಕ್ಕೆ ತಗೊಳ್ಳಿ. ಬಾಯಿ ತನ್ನ ಕೆಲಸ ತಾನು ಮಾಡುತ್ತಿತ್ತು, ಕಾಲೂ ಮಾಡುತ್ತಿತ್ತು. ಎದುರು ಒಂದು ಲಾರಿ ಕಂಡರೆ ಸಾಕು, ಇಲ್ಲದ ಬ್ರೇಕನ್ನು ರಬ್ಬರ್ ಮ್ಯಾಟಿನ ಮೇಲೆ ಎಷ್ಟು ಒತ್ತುತ್ತಿದ್ದನೆಂದರೆ ಮೀನಖಂಡ ಹಿಡಿದುಕೊಂಡಿತು. ಡಾಕ್ಟರು ಆ ಕಾಲನ್ನು ಓರೆಗಣ್ಣಿನಲ್ಲಿ ನೋಡಿದರು. ಆಮೇಲೆ ಅವರ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು, ಕೈಗಳು ಸ್ಟೀರಿಂಗಿನ ಮೇಲೆ ಗಡಿಯಾರದ ಹತ್ತು ಗಂಟೆ ಎರಡು ಗಂಟೆಯ ಜಾಗಕ್ಕೆ ಹೋಗಿ ಅಂಟಿಕೊಂಡವು. "ಸ್ವಲ್ಪ ಒತ್ತಿ ತೋರಿಸಿ ಡಾಕ್ಟ್ರೇ" ಎಂದು ಹಿಂದಿನಿಂದ ಕೂಗಿದ ಭಾವಮೈದುನ. ಒತ್ತಿದರು. ಸೀಟು ಬೆನ್ನನ್ನು ಹಿಂದಿನಿಂದ ನೂಕಿತು, ಅಂಗಡಿಗಳ ಬೋರ್ಡುಗಳು ಓದುವುದರೊಳಗೆ ಮುಗಿದುಹೋದವು, ಮತ್ತು ಪರೀಕ್ಷಕನ ಹೊಟ್ಟೆಯಲ್ಲಿ ಭಯದ ಜೊತೆಗೇ, ಅದರ ಕೈಹಿಡಿದುಕೊಂಡು ಬಂದಂತೆ, ಒಂದು ಚೂರು ಖುಷಿ ಆಯಿತು. ಅವನಿಗೆ ನಾಚಿಕೆಯಾಯಿತು. ಇಂಥದೇ ಖುಷಿಯನ್ನು ಇನ್ನೊಬ್ಬರ ಮುಖದಲ್ಲಿ ಕಂಡು ಅವನು ಫೇಲು ಮಾಡಿದ್ದುಂಟು. ಹನ್ನೊಂದು ವರ್ಷದ ಹಿಂದೆ, ದುಂಡು ಸರ್ಕಲ್ಲನ್ನು ಸುತ್ತುವಾಗ ತನ್ನಷ್ಟಕ್ಕೆ ನಕ್ಕ ಒಬ್ಬ ಹೆಂಗಸು, ಎರಡು ಜಡೆ, ಗಲ್ಲದ ಮೇಲೆ ಮಚ್ಚೆ. ಒಂದು ತಪ್ಪೂ ಮಾಡಿರಲಿಲ್ಲ ಅವಳು. ನೀರು ಕುಡಿಯುವಷ್ಟು ಸುಲಭವಾಗಿ ಓಡಿಸಿದ್ದಳು. ಅವನು ಇಪ್ಪತ್ತೇಳನೇ ಕಾಲಂನಲ್ಲಿ 'ಅತಿಯಾದ ಆತ್ಮವಿಶ್ವಾಸ' ಎಂದು ಬರೆದ. ಮತ್ತೆ ಬಂದಾಗ ಮತ್ತೆ ಬರೆದ. ಮೂರನೆಯ ಸಲ ಅವಳು ಕಚೇರಿಯ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತದ್ದನ್ನು ಕಿಟಕಿಯಿಂದ ನೋಡಿದ್ದ.

"ಹೇಗಿತ್ತು?" ಎಂದು ಕೇಳಿದರು ಡಾಕ್ಟರು, ಮನೆಯ ಮುಂದೆ ಎಂಜಿನ್ ಆರಿಸಿ.

"ಗಾಡಿನಾ?"

"ಗಾಡಿ ಅಲ್ಲ. ನಾನು."

ಇಂಥ ಪ್ರಶ್ನೆಗೆ ಸುಳ್ಳು ಹೇಳಿ ಅವನಿಗೆ ಗೊತ್ತಿರಲಿಲ್ಲ. "ಕನ್ನಡಿ ನೋಡೋದು ಕಮ್ಮಿ. ಸಿಗ್ನಲ್ ಹತ್ರ ಬಂದ್ಮೇಲೆ ಲೇನು ಬದಲಾಯಿಸಿದ್ರಿ. ಎಡಗೈ ಸುಮ್ನೆ ಗೇರಿನ ಮೇಲೆ ಹೋಗಿ ಬರುತ್ತೆ."

"ಮೂವತ್ನಾಲ್ಕು ವರ್ಷದಿಂದ ಓಡಿಸ್ತಾ ಇದೀನಿ" ಎಂದರು ಡಾಕ್ಟರು, ತೀರ ಸಣ್ಣ ದನಿಯಲ್ಲಿ. ಅವರ ಮುಖ ಎಷ್ಟು ಬಾಡಿತೆಂದರೆ ಪರೀಕ್ಷಕನಿಗೆ ಸಮಾಧಾನ ಹೇಳೋಣವೆನಿಸಿತು. ಇನ್ನೊಂದ್ಸಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಡಾಕ್ಟರು ಇಳಿಯಲಿಲ್ಲ. ಕೂತಲ್ಲಿಂದಲೇ ತಿರುಗಿ, ಅವನ ಮುಖವನ್ನು ದೀಪದ ಕೆಳಗೆ ನೋಡುವ ಹಾಗೆ ನೋಡಿ, "ಒಂದ್ಸಲ ಬಾಯಿ ಆ ಮಾಡಿ" ಅಂದರು. ಇಪ್ಪತ್ತಮೂರು ವರ್ಷ ಆಜ್ಞೆ ಕೊಟ್ಟವನು, ಯಾಕೆಂದು ಕೇಳದೆ ಆ ಮಾಡಿದ. "ಅಂದ್ಕೊಂಡೆ. ನಿದ್ದೇಲಿ ಹಲ್ಲು ಕಡೀತೀರಿ. ದವಡೆ ಹಲ್ಲು ಅರ್ಧಕ್ಕರ್ಧ ಸವೆದಿದೆ. ಒಳಗೆ ಏನನ್ನೋ ಹೆದರಿಕೊಂಡು ಮುಚ್ಚಿಟ್ಟಿರೋರು ಹೀಗೆ ಕಡೀತಾರೆ." ಹಿಂದಿನ ಸೀಟಿಗೆ ತಿರುಗಿದರು. "ಎಷ್ಟು ದಿನದಿಂದ ಅಮ್ಮ?"

"ಮದುವೆ ಆದಾಗಿಂದ ಡಾಕ್ಟ್ರೇ" ಎಂದಳು ಹೆಂಡತಿ. "ಅಭ್ಯಾಸ ಆಗಿಹೋಗಿದೆ. ಈಗ ಸದ್ದು ನಿಂತ್ರೆ ನನಗೇ ಎಚ್ಚರ ಆಗುತ್ತೆ."

ಭಾವಮೈದುನ ಜೋರಾಗಿ ನಕ್ಕ. ಪರೀಕ್ಷಕ ಬಾಯಿ ಮುಚ್ಚಿದ. ಮುಚ್ಚಿದ ಮೇಲೆ ಮೇಲಿನ ಹಲ್ಲು ಕೆಳಗಿನ ಹಲ್ಲು ಎಲ್ಲಿ ಕೂತುಕೊಳ್ಳಬೇಕೆಂದೇ ಗೊತ್ತಾಗಲಿಲ್ಲ. ಒಬ್ಬ ಡಾಕ್ಟರು ಬಾಯೊಳಗೆ ನೋಡಿ ಓದಬಲ್ಲದ್ದನ್ನು ತಾನು ಇಷ್ಟು ವರ್ಷ ಗುಟ್ಟೆಂದು ಇಟ್ಟುಕೊಂಡಿದ್ದೆನಲ್ಲ. ಹೆಂಡತಿ ಕಿಟಕಿಯ ಕಡೆ ತಿರುಗಿದ್ದಳು. ವ್ಯಾನಿಗೆ ವಾಪಸಾಗುವಾಗ ಭಾವಮೈದುನ ಉತ್ಸಾಹದಲ್ಲಿದ್ದ. ಕ್ಲಚ್ಚೇ ಇಲ್ಲ, ಒಬ್ಬರೇ ಓನರು, ಹಿಂದಿನ ಸೀಟಿನಲ್ಲಿ ತಾನು ಕಾಲು ಚಾಚಿ ಕೂತಿದ್ದೆ, ಇದನ್ನೇ ಮುಗಿಸಿಬಿಡೋಣ ಅಂದ. ಕ್ಲಚ್ಚಿಲ್ಲ ಎಂಬ ಮಾತು ಪರೀಕ್ಷಕನಿಗೂ ರುಚಿಸಿತ್ತು. ಕ್ಲಚ್ಚಿಲ್ಲದಿದ್ದರೆ ನಡುರಸ್ತೆಯಲ್ಲಿ ಎಂಜಿನ್ ಆಫ್ ಆಗಿ ಮಾನ ಹೋಗುವುದಿಲ್ಲ. ಆದರೆ ಒಪ್ಪಿದರೆ ಕೀ ಕೈಗೆ ಬರುತ್ತದೆ. "ಉದ್ದ ಜಾಸ್ತಿ ಆಯ್ತು. ನಮ್ಮ ಗಲ್ಲಿಯಲ್ಲಿ ತಿರುಗಿಸೋಕೆ ಕಷ್ಟ. ಹಳೇ ಆಟೋಮ್ಯಾಟಿಕ್ ಗೇರ್‌ಬಾಕ್ಸು, ಕೈಕೊಟ್ರೆ ಮನೆ ಮಾರಬೇಕು. ಚಿಕ್ಕದನ್ನ ನೋಡದೆ ಹೇಗೆ ಹೇಳೋದು" ಅಂದ, ತೂಕದ ದನಿಯಲ್ಲಿ. ಭಾವಮೈದುನ ಗೌರವದಿಂದ ವ್ಯಾನು ಸ್ಟಾರ್ಟ್ ಮಾಡಿದ.

ಚಿಕ್ಕ ಕಾರು ನಾಲ್ಕು ಮಹಡಿಯ ಒಂದು ಫ್ಲ್ಯಾಟಿನ ಕೆಳಗೆ, ಸಾಲು ಸೈಕಲ್ಲುಗಳ ಪಕ್ಕದಲ್ಲಿ ನಿಂತಿತ್ತು. ಹಳದಿ ಬಣ್ಣ, ಅಗಲ ಟೈರು, ನೆಲಕ್ಕೆ ಅಂಟಿಕೊಂಡಂಥ ಮೈ. ನಿಂತಲ್ಲೇ ಜಗಳಕ್ಕೆ ಬಂದ ಹಾಗಿತ್ತು. ಮಾರುವವಳು ಚಪ್ಪಲಿ ಮೆಟ್ಟಿಕೊಂಡು ಮಹಡಿ ಇಳಿದು ಬಂದಳು. ನಗರದ ಬಸ್ ಡ್ರೈವರಂತೆ. ದಿನವಿಡೀ ನಲವತ್ತು ಅಡಿ ಬಸ್ಸು ಓಡಿಸಿ ಬಂದ ಮೇಲೆ ಇದರಲ್ಲಿ ಒಂದು ಸುತ್ತು ಹೋಗಿ ಬಂದರೆ ಜೀವ ಹಗುರವಾಗುತ್ತಿತ್ತು ಎಂದಳು. "ಅಮ್ಮನ ಗಾಲಿಕುರ್ಚಿ ಇದರ ಡಿಕ್ಕಿಯಲ್ಲಿ ಹಿಡಿಯಲ್ಲ. ಅದಕ್ಕೇ ಕೊಡ್ತಾ ಇರೋದು. ಇಲ್ದಿದ್ರೆ ಕೊಡ್ತಿರ್ಲಿಲ್ಲ." ಎರಡು ಜಡೆ ಇರಲಿಲ್ಲ, ಕೂದಲು ಗಿಡ್ಡ ಕತ್ತರಿಸಿತ್ತು. ಗಲ್ಲದ ಮೇಲೆ ಮಚ್ಚೆ ಇತ್ತು. ಪರೀಕ್ಷಕ ಸೈಕಲ್ಲುಗಳ ಕಡೆ ಒಂದು ಹೆಜ್ಜೆ ಸರಿದ. ಅವಳು ಅವನ ಕಡೆ ನೋಡಿದಳು, ನಮಸ್ಕಾರ ಅಂದಳು, ಮುಂದೆ ಹೋದಳು. ಗುರುತು ಹಿಡಿದಿಲ್ಲ. ಅಥವಾ ಹಿಡಿದೂ ಕಾಯುತ್ತಿದ್ದಾಳೆ. ಭಾವಮೈದುನ ಟೈರು ಸವರುತ್ತ, ರೇಸಿಗೆ ಗೀಸಿಗೆ ಬಿಟ್ಟಿದ್ರಾ, ಕ್ಲಚ್ ಪ್ಲೇಟು ಯಾವಾಗ ಬದಲಾಯಿಸಿದ್ದು, ಸೈಲೆನ್ಸರ್ ಕಂಪನಿಯದೇನಾ ಎಂದು ಕೇಳುತ್ತಿದ್ದರೆ ಪರೀಕ್ಷಕ ಅವಳ ಹಿಂದೆಯೇ ಕಾರಿನ ಸುತ್ತ ಎರಡು ಸುತ್ತು ಬಂದ. ಹನ್ನೊಂದು ವರ್ಷ ಇವಳನ್ನು ಅವನು ಊಟದ ನಡುವೆ, ಸಂಬಳದ ದಿನ, ಮಗಳ ಹಾಸ್ಟೆಲಿನ ಗೇಟಿನಲ್ಲಿ, ಎಲ್ಲೆಲ್ಲೋ ನೆನೆಸಿಕೊಂಡು ಕುಗ್ಗಿದ್ದಾನೆ. ಈಗ ಕ್ಷಮೆ ಕೇಳಬಹುದು. ಕ್ಷಮೆ ಕೇಳಿದರೆ ಇನ್ನೊಂದೂ ಆಗಬಹುದು ಎಂಬುದು ಅದರ ಹಿಂದೆಯೇ ಹೊಳೆಯಿತು: ಇವಳು ಸಿಟ್ಟಾಗಿ, ನಿಮ್ಮಂಥವರಿಗೆ ನನ್ನ ಕಾರು ಕೊಡಲ್ಲ, ನಡೀರಿ ಎನ್ನಬಹುದು. ಪಶ್ಚಾತ್ತಾಪದಲ್ಲೂ ಲಾಭ ಹುಡುಕುತ್ತಿದ್ದೇನಲ್ಲ ಎಂದು ಅಸಹ್ಯವಾಯಿತು, ಆದರೂ ಹೆಜ್ಜೆ ಮುಂದಿಟ್ಟ.

ಅಷ್ಟರಲ್ಲಿ ಅವಳೇ ಕೀ ಚಾಚಿದಳು. ಅವನು ಪಕ್ಕದ ಬಾಗಿಲಿನ ಕಡೆ ತಿರುಗಿದ್ದನ್ನು ನೋಡಿ, "ಇಲ್ಲ ಸಾರ್, ನೀವೇ ಓಡಿಸಿ. ಈ ಗಾಡಿ ಕೂತು ನೋಡಿದ್ರೆ ತಿಳಿಯಲ್ಲ, ಬೆನ್ನು ನೋಯುತ್ತೆ ಅಷ್ಟೆ. ಹಿಡಿದು ನೋಡಿದ್ರೇನೇ ತಿಳಿಯೋದು" ಅಂದಳು.

"ಅಮ್ಮ, ನಿಮಗೆ ನಾನು ಯಾರು ಅಂತ ಗೊತ್ತಾಗ್ಲಿಲ್ಲ" ಎಂದ ಪರೀಕ್ಷಕ. ದನಿ ನಡುಗಿತು, ಅದು ಮಾತ್ರ ನಟನೆಯಲ್ಲ. "ಲೈಸೆನ್ಸ್ ಆಫೀಸಿನಲ್ಲಿ ಟೆಸ್ಟ್ ಮಾಡೋನು. ನಿಮ್ಮನ್ನ ಮೂರು ಸಲ ಫೇಲು ಮಾಡಿದ್ದು ನಾನೇ. ನೀವು ಏನೂ ತಪ್ಪು ಮಾಡಿರ್ಲಿಲ್ಲ. ನಕ್ಕಿರಿ ಅಂತ ಮಾಡ್ದೆ."

ಭಾವಮೈದುನ ಬಾನೆಟ್ಟಿನೊಳಗಿಂದ ತಲೆ ಎತ್ತಿದ. ಹೆಂಡತಿಯೂ ತಿರುಗಿ ನೋಡಿದಳು. ಬಸ್ ಡ್ರೈವರು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ನಾನಲ್ಲ ಸಾರ್" ಅಂದಳು. "ನಾನು ಮೊದಲನೇ ಸಲಕ್ಕೇ ಪಾಸಾದೆ. ಅದೂ ಬೇರೆ ಊರಲ್ಲಿ."

"ದುಂಡು ಸರ್ಕಲ್ಲಿನಲ್ಲಿ ನಕ್ಕಿರಿ. ನಲ್ಲಿ ಹತ್ರ ಅತ್ರಿ."

"ನಾನು ಹಾಗೆಲ್ಲ ಅಳೋಳಲ್ಲ."

"ಮಚ್ಚೆ ಇದೆ" ಎಂದ ಪರೀಕ್ಷಕ, ಪಟ್ಟು ಬಿಡದೆ.

"ಮಚ್ಚೆ ಎಲ್ರಿಗೂ ಇರುತ್ತೆ." ಅವಳಿಗೆ ಈಗ ಅವನ ಮೇಲೆ ಕನಿಕರ ಬಂದಿತ್ತು. "ನೀವು ಯಾರನ್ನೋ ಅಂದ್ಕೊಂಡಿದೀರಿ. ಪಾಪ, ಯಾರೋ ಆಕೆ. ಈಗ ಓಡಿಸ್ತಾ ಇದಾಳೋ ಇಲ್ವೋ." ಕೀಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು, ಚಿಲ್ಲರೆ ಕೊಡುವ ಹಾಗೆ. ಹನ್ನೊಂದು ವರ್ಷ ಹೊತ್ತು ತಂದ ತಪ್ಪನ್ನು ಇಳಿಸಿಕೊಳ್ಳುವವರಿಲ್ಲದೆ ಪರೀಕ್ಷಕ ಸೈಕಲ್ಲುಗಳ ಮಧ್ಯೆ ನಿಂತಿದ್ದ. ಬೈಸಿಕೊಳ್ಳುವುದಕ್ಕೂ ಅವನ ಕೈಲಾಗಿರಲಿಲ್ಲ.

ಕೊನೆಯ ಆಸರೆಯೆಂದರೆ ಭಾವಮೈದುನ. ಜೊತೆಗೆ ಬಂದು ಪಕ್ಕದಲ್ಲಿ ಮಾತಾಡುತ್ತಿದ್ದರೆ ಹೇಗೋ ಒಂದು ಸುತ್ತು ದಾಟಬಹುದಿತ್ತು. ಅವನು ಅಕ್ಕನಿಗೆ ಮುಂದಿನ ಸೀಟು ಬಿಟ್ಟು, ಎರಡೇ ಬಾಗಿಲಿನ ಆ ಕಾರಿನ ಹಿಂದಿನ ಸೀಟಿಗೆ ನುಗ್ಗಲು ನೋಡಿದ. ತಲೆ ಹೋಯಿತು, ಒಂದು ಭುಜ ಹೋಯಿತು, ಹೊಟ್ಟೆ ಬಾಗಿಲಿಗೆ ಸಿಕ್ಕಿಕೊಂಡಿತು. ಬಸ್ ಡ್ರೈವರು ಕಾಲು ಹಿಡಿದು ಎಳೆದು ತೆಗೆದಳು. "ಇವ್ರು ಇಲ್ಲೇ ಇರ್ಲಿ. ನೀವಿಬ್ರು ಹೋಗ್ಬನ್ನಿ. ಗಾಡಿ ವಾಪಸ್ ಬರೋವರೆಗೆ ಇವ್ರನ್ನ ಅಡ ಇಟ್ಕೋತೀನಿ" ಅಂದಳು. ಭಾವಮೈದುನ ಶರಟು ಸರಿಮಾಡಿಕೊಳ್ಳುತ್ತ, "ಚೆನ್ನಾಗಿ ಎಳೆದು ನೋಡಿ ಭಾವ" ಎಂದು ಕೂಗಿದ.

ಸೀಟು ಎರಡೂ ಪಕ್ಕೆಗಳಿಂದ ಅವನನ್ನು ಅಪ್ಪಿ ಹಿಡಿಯಿತು. ಹೆಂಡತಿಯ ಮೊಣಕಾಲು ಗೇರಿನ ಪಕ್ಕದಲ್ಲೇ ಇತ್ತು. ಕೀ ತಿರುಗಿಸಿದ, ಎಂಜಿನ್ ಬೊಬ್ಬೆ ಹಾಕಿತು. ಮೊದಲನೇ ಗೇರು, ಕ್ಲಚ್ಚು ಬಿಟ್ಟ, ಆಫ್ ಆಯಿತು. ಐದನೇ ಕಾಲಂ. ಮತ್ತೆ ತಿರುಗಿಸಿದ, ಮತ್ತೆ ಆಫ್ ಆಯಿತು. ಕನ್ನಡಿಯಲ್ಲಿ ಭಾವಮೈದುನ ಬಸ್ ಡ್ರೈವರಿಗೆ ಏನೋ ವಿವರಿಸುವುದು ಕಂಡಿತು, ಬಹುಶಃ ದೊಡ್ಡವರು ಗಾಡಿಯನ್ನು ಹೀಗೇ ಪರೀಕ್ಷೆ ಮಾಡುವುದು ಎಂದು. ಮೂರನೆಯ ಸಲ ಕಾರು ಕಪ್ಪೆಯ ಹಾಗೆ ಎರಡು ಸಲ ಕುಪ್ಪಳಿಸಿ ಗೇಟು ದಾಟಿತು. ಬೀದಿಯಲ್ಲಿ ಅವನು ಅದನ್ನು ಎರಡನೇ ಗೇರಿನಲ್ಲಿ, ನಡೆಯುವವರು ಹಿಂದಿಕ್ಕುವಷ್ಟು ಮೆಲ್ಲಗೆ ತೆಗೆದುಕೊಂಡು ಹೋದ. ಸೈಲೆನ್ಸರ್ ಗುರುಗುಟ್ಟಿದ್ದಕ್ಕೆ ಕಿಟಕಿಗಳಲ್ಲಿ ಜನ ಇಣುಕಿದರು. ಇಷ್ಟು ಸದ್ದಿಗೆ ಇಷ್ಟೇನಾ ಎಂಬಂತೆ ನೋಡಿ ಒಳಗೆ ಹೋದರು. ಹನ್ನೆರಡನೇ ಕಾಲಂ, ಹದಿನಾಲ್ಕು, ಹದಿನೆಂಟು. ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತಿತ್ತು. ಹೆಂಡತಿ ಮೊಣಕಾಲನ್ನು ಗೇರಿನಿಂದ ಆಚೆ ಸರಿಸಿದಳು. ಬೀದಿ ಮುಗಿದು ದೊಡ್ಡ ರಸ್ತೆಗೆ ಸೇರುವಲ್ಲಿ ಅವನು ನಿಲ್ಲಿಸಿದ, ನಿಲ್ಲಿಸಲೇಬೇಕು, ಅದು ನಿಯಮ. ಎರಡೂ ಕಡೆಯಿಂದ ಗಾಡಿಗಳು ಬರುತ್ತಿದ್ದವು. ಒಂದು ಸಂದು ಸಿಕ್ಕಿತು, ಹೋಗಲಿಲ್ಲ. ಇನ್ನೊಂದು ಸಿಕ್ಕಿತು, ಇನ್ನೂ ದೊಡ್ಡದು, ಕಾಲು ಏಳಲಿಲ್ಲ. ಹಿಂದೆ ಒಂದು ಹಾರ್ನು, ಆಮೇಲೆ ಎರಡು, ಮೂರು.

"ರೀ, ಹೋಗಿ" ಎಂದಳು ಹೆಂಡತಿ.

"ನೋಡ್ತಾ ಇದೀನಿ."

"ನೋಡಿದ್ದು ಸಾಕು."

ಅವನು ಮುಂದೆ ನೋಡುತ್ತಲೇ ಇದ್ದ. ಮೂವತ್ತೊಂದೂ ಕಾಲಂಗಳು ತುಂಬಿದ್ದವು, ಇನ್ನು ಬರೆಯಲು ಜಾಗವಿರಲಿಲ್ಲ. "ನನ್ನ ಕೈಲಾಗಲ್ಲ ಕಣೆ" ಅಂದ. "ನನಗೆ ಭಯ. ಮೊದಲಿಂದ್ಲೂ. ನಾಳೆ ಟ್ಯಾಕ್ಸಿ ಹೇಳೋಣ, ನಾಡಿದ್ದೂ ಟ್ಯಾಕ್ಸಿ. ನಿನ್ನ ತಮ್ಮನಿಗೆ ಏನು ಬೇಕಾದ್ರೂ ಹೇಳು."

ಹೆಂಡತಿ ಜೋಲಿಯನ್ನು ಸ್ವಲ್ಪ ಮೇಲಕ್ಕೆ ಎಳೆದುಕೊಂಡಳು. "ಗೊತ್ತು" ಎಂದಳು.

"ಇವತ್ತು ಗೊತ್ತಾಯ್ತಾ?"

"ಮಗಳ ಹೆರಿಗೆ ದಿನ. ನೋವು ಶುರುವಾಗಿ ನಾನು ಮೆಟ್ಟಿಲ ಮೇಲೆ ಕೂತಿದ್ದೆ, ಕಾರು ಎದುರಿಗೇ ನಿಂತಿತ್ತು. ಬ್ಯಾಟರಿ ಡೌನು ಅಂದ್ರಿ, ಟ್ಯಾಕ್ಸಿ ತರ್ತೀನಿ ಅಂತ ಬರಿಗಾಲಲ್ಲಿ ಓಡಿದ್ರಿ. ಆಸ್ಪತ್ರೆಯಿಂದ ಬಂದ ಮೇಲೆ ನೀವು ಆಫೀಸಿಗೆ ಹೋದಾಗ ನಾನೇ ಹೋಗಿ ಕೀ ತಿರುಗಿಸಿ ನೋಡ್ದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು." ಹಿಂದಿನ ಹಾರ್ನುಗಳು ಈಗ ನಿಲ್ಲದೆ ಕೂಗುತ್ತಿದ್ದವು. ಅವಳು ದನಿ ಏರಿಸಲಿಲ್ಲ. "ತುಂಬಾ ಸಿಟ್ಟು ಬಂದಿತ್ತು. ಕೂಸಿಗೆ ಮೂರು ತಿಂಗಳಾಗ್ತಿದ್ದ ಹಾಗೇ ಹೋಗಿ ಡ್ರೈವಿಂಗ್ ಕಲ್ತೆ."

ನೆಂಟರ ಮುಂದೆ ಅವಳು ಆಡುತ್ತಿದ್ದ ಮಾತುಗಳೆಲ್ಲ, ದಣಿದವನ ಹಾಗೆ ತಾನು ತಲೆಯಾಡಿಸಿದ್ದೆಲ್ಲ, ಹತ್ತೊಂಬತ್ತು ವರ್ಷದ್ದು, ಒಟ್ಟಿಗೇ ಅವನಿಗೆ ನೆನಪಾದವು. "ಹೇಳಬಾರದಿತ್ತಾ" ಅಂದ.

"ನೀವು ಹೇಳ್ತೀರಿ ಅಂತ ನೋಡ್ತಿದ್ದೆ." ಅವಳು ಬೆನ್ನು ಸರಿಮಾಡಿ ಕೂತಳು. "ಈ ಕಾರೇ ಇರ್ಲಿ. ಆ ದೊಡ್ಡದರಲ್ಲಿ ನೀವು ನನ್ನನ್ನ ಹಿಂದಿನ ಸೀಟಿಗೆ ಕಳಿಸಿ ಒಬ್ರೇ ಹೆದರ್ತಾ ಕೂರ್ತೀರಿ. ಇದರಲ್ಲಿ ಆದ್ರೆ ಪಕ್ಕದಲ್ಲೇ ಇರ್ತೀನಿ. ಒಂದು ಕಡೆ ನಾನು ನೋಡ್ತೀನಿ, ಇನ್ನೊಂದು ಕಡೆ ನೀವು ನೋಡಿ." ತನ್ನ ಪಕ್ಕದ ಕಿಟಕಿಯ ಕಡೆ ಕತ್ತು ಚಾಚಿದಳು. ಒಂದು ಲಾರಿ ಹೋಯಿತು, ಎರಡು ಕಾರು ಹೋದವು. "ನನ್ನ ಕಡೆ ಯಾರೂ ಇಲ್ಲ. ಹೋಗಿ."

ಅವನು ತನ್ನ ಕಡೆ ನೋಡಿದ. ಖಾಲಿ ಇತ್ತು. ಅವಳ ಕಡೆ ತಿರುಗಿ ನೋಡಲು ಹೊರಟ ಕತ್ತನ್ನು ಅರ್ಧದಲ್ಲೇ ನಿಲ್ಲಿಸಿದ. ಅವಳು ಇಲ್ಲ ಅಂದಿದ್ದಳು. ನೋಡದೆ ಕ್ಲಚ್ಚು ಬಿಟ್ಟ. ಇನ್ನೂರು ಕುದುರೆಗಳೂ ಒಟ್ಟಿಗೇ ನೆಗೆದವು, ಕಾರು ದೊಡ್ಡ ರಸ್ತೆಗೆ ಬಿತ್ತು.